ಕೊಯಿಂಬ್ರದವರ ಕೆಮ್ಮು

ನಮ್ಮ ಬೀದಿಯಲ್ಲಿ ಬೆಲ್ಮೀರು ಯಾರು ಅಂತ ಕೇಳಿ ನೋಡಿ, ಮೊದಲು ಅವನ ಕೆಮ್ಮಿನ ಸುದ್ದಿ ಹೇಳುತ್ತಾರೆ. ಮೂರನೇ ಮಹಡಿಯಲ್ಲಿ ಅವನು ಕೆಮ್ಮಿದರೆ ಕೆಳಗೆ ಬ್ರೆಡ್ಡಿನಂಗಡಿ ಮುಂದೆ ನಿಂತವರು "ಬೆಲ್ಮೀರು ಎದ್ದ, ಏಳು ಗಂಟೆ ಆಯ್ತು" ಅಂತ ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಐವತ್ತನಾಲ್ಕು ವರ್ಷ ಬದುಕಿದ ಗಂಡಸಿನ ಬಗ್ಗೆ ಹೇಳೋದಕ್ಕೆ ಇವರಿಗೆ ಸಿಕ್ಕಿದ್ದು ಕೆಮ್ಮೊಂದೇ. ಬೈಯೋಣ ಅಂದರೆ ಬಾಯಿ ಬರುವುದಿಲ್ಲ, ಯಾಕೆಂದರೆ ಅವರಿಗಿಂತ ದೊಡ್ಡ ತಪ್ಪು ನನ್ನದು. ಮೊದಲು ಅವನು ನನ್ನನ್ನು ಕೊಮಾದ್ರೆ ಅನ್ನುತ್ತಿದ್ದ. ಅವನ ಮಗಳ ಜ್ಞಾನಸ್ನಾನದ ದಿನ ಕೂಸನ್ನು ಎತ್ತಿ ಹಿಡಿದವಳು ನಾನು. ಹಾಗೆ ಧರ್ಮತಾಯಿಯಾದವಳನ್ನು ನಮ್ಮವರು ಕರೆಯೋದು ಕೊಮಾದ್ರೆ ಅಂತಲೇ. ಒಡಹುಟ್ಟಿದವರಿಗಿಂತ ಹತ್ತಿರದ ನಂಟು ಅದು. ಈಗ ಮೆಟ್ಟಿಲ ಮೇಲೆ ಎದುರಾದರೆ "ನಮಸ್ಕಾರ, ದೋನಾ ಓಡೀಲಿಯಾ" ಅನ್ನುತ್ತಾನೆ, ಬ್ಯಾಂಕಿನ ಮ್ಯಾನೇಜರಿಗೆ ಹೇಳಿದ ಹಾಗೆ.

ನಮ್ಮೂರು ಕೊಯಿಂಬ್ರದಿಂದ ಲಕ್ಸೆಂಬರ್ಗಿಗೆ ನಾವೆಲ್ಲ ಒಂದೇ ವರ್ಷ ಬಂದೆವು. ಅವನು ಕಲ್ಲಿನ ಕೆಲಸಕ್ಕೆ, ಅವನ ಹೆಂಡತಿ ಗ್ರಾಸಿಯೆತಿ ಮತ್ತು ನಾನು ಒರೆಸುವ ಕೆಲಸಕ್ಕೆ. ಈ ಊರಿನ ಎಷ್ಟೋ ಅಡುಗೆಮನೆಗಳಲ್ಲಿ ತರಕಾರಿ ಹೆಚ್ಚುವ ಕಟ್ಟೆಯ ಕಲ್ಲು ಬೆಲ್ಮೀರು ಕೊಯ್ದು ಕೂರಿಸಿದ್ದು. ಕನ್ನಡಿಯ ಹಾಗೆ ಕೂರಿಸುತ್ತಿದ್ದ, ಸಂದಿನಲ್ಲಿ ಉಗುರು ತೂರುತ್ತಿರಲಿಲ್ಲ. ನೀರು ಬಿಟ್ಟು ಕೊಯ್ದರೆ ಕಲ್ಲಿನ ಧೂಳು ಏಳುವುದಿಲ್ಲ. ಆದರೆ ಬಣ್ಣ ಬಳಿದು ಮುಗಿದ ಮನೆಯೊಳಗೆ ನೀರು ಚೆಲ್ಲಿದರೆ ಮನೆಯೊಡತಿಗೆ ಆಗುವುದಿಲ್ಲ, ಅವಳಿಗೆ ಆಗದಿದ್ದರೆ ಮೇಸ್ತ್ರಿಗೆ ಆಗುವುದಿಲ್ಲ. ಅದಕ್ಕೇ ಒಣಗಲ್ಲನ್ನೇ ಕೊಯ್ದ, ಇಪ್ಪತ್ತೆರಡು ವರ್ಷ. ಸಂಜೆ ಬಂದರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದವನ ಹಾಗೆ ಕಾಣುತ್ತಿದ್ದ. ಗ್ರಾಸಿಯೆತಿ ಅವನ ಅಂಗಿಯನ್ನು ಮೆಟ್ಟಿಲ ಕಂಬಿಗೆ ಬಡಿದು ಬಡಿದು ಒಳಗೆ ತರುತ್ತಿದ್ದಳು. ಅಂಗಿಯದು ಬಡಿದರೆ ಹೋಯಿತು. ಎದೆಯೊಳಗಿನದನ್ನು ಯಾರು ಬಡಿಯಬೇಕು? ನಲವತ್ತಾರಕ್ಕೇ ಡಾಕ್ಟರು ಕೆಲಸ ಬಿಡಿಸಿದರು.

ಕೆಲಸ ಹೋಗಿದ್ದಕ್ಕೆ ಅವನು ಅತ್ತದ್ದು ನಾನು ಕಾಣೆ. ಇಗರ್ಜಿ ಬಿಟ್ಟಿದ್ದಕ್ಕೆ ಅತ್ತ. ಒಂದು ಭಾನುವಾರ ಪಾದ್ರಿಗಳು ಪ್ರವಚನ ನಿಲ್ಲಿಸಿ, ಕೆಮ್ಮು ಮುಗಿಯಲಿ ಅಂತ ಕೈಕಟ್ಟಿ ಕಾದರು. ಬೈಯಲಿಲ್ಲ, ಕಾದರು ಅಷ್ಟೇ. ಬೈದಿದ್ದರೆ ವಾಸಿ ಇತ್ತು. ಆವತ್ತಿನಿಂದ ಅವನು ಪೂಜೆಯ ಹೊತ್ತಿಗೆ ಹೊರಗೆ ಸಿಗರೇಟು ಸೇದುವವರ ಜೊತೆ ನಿಲ್ಲತೊಡಗಿದ. ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ. ಆಮೇಲೆ ಅದೂ ನಿಂತಿತು. ಸಿನಿಮಾ ಇಲ್ಲ, ಮದುವೆಯೂಟ ಇಲ್ಲ, ಗಡಿಯಾಚೆ ಇರುವ ಮಗಳ ಮನೆಗೆ ರೈಲಿನಲ್ಲಿ ಹೋಗೋದೂ ಇಲ್ಲ. ಎಂಟು ವರ್ಷ ಗ್ರಾಸಿಯೆತಿ ಎಲ್ಲ ಕಡೆ ಒಬ್ಬಳೇ ಬಂದಳು. "ಬೆಲ್ಮೀರು ಎಲ್ಲಿ?" ಅಂತ ಕೇಳಿದವರಿಗೆ "ಮನೇಲಿ ಫುಟ್ಬಾಲ್ ನೋಡ್ತಿದ್ದಾನೆ" ಅನ್ನುತ್ತಿದ್ದಳು. ಜನ ಅವನನ್ನು ಫುಟ್ಬಾಲ್ ಹುಚ್ಚ ಅಂದುಕೊಂಡರು.

ಗ್ರಾಸಿಯೆತಿ ಮತ್ತು ನಾನು ಹನ್ನೊಂದು ವರ್ಷದಿಂದ ಒಂದು ಸಂಗೀತಭವನ ಗುಡಿಸುತ್ತೇವೆ. ಬೆಳಗಿನ ಐದಕ್ಕೆ ಹೋಗಿ ಎಂಟಕ್ಕೆ ಹೊರಬೀಳಬೇಕು. ಆರುನೂರು ಕುರ್ಚಿ, ಎಲ್ಲ ಕೆಂಪು ಮಖಮಲ್ಲು. ಯಾವ ಕುರ್ಚಿಯಡಿ ಯಾರು ಚೂಯಿಂಗ್ ಗಮ್ ಅಂಟಿಸುತ್ತಾರೆ ಅನ್ನೋದೂ ನಮಗೆ ಗೊತ್ತು. ಆದರೆ ಅದರಲ್ಲಿ ಕೂತು ಒಂದು ಹಾಡು ಕೇಳಿದವರಲ್ಲ. ಕಳೆದ ಅಕ್ಟೋಬರಿನಲ್ಲಿ ಬಾಗಿಲ ಪಕ್ಕ ಹೊಸ ಭಿತ್ತಿಚಿತ್ರ ಅಂಟಿಸಿದ್ದರು: ಕಪ್ಪು ನಿಲುವಂಗಿ ಹೊದ್ದ ಮೂವರು ಗಂಡಸರು, ಕೈಯಲ್ಲಿ ನಮ್ಮ ಕಡೆಯ ಗಿಟಾರು. ಕೆಳಗೆ 'ಕೊಯಿಂಬ್ರದ ಫಾದು' ಅಂತ ಬರೆದಿತ್ತು. ಗ್ರಾಸಿಯೆತಿ ಬಕೆಟ್ಟು ಕೆಳಗಿಟ್ಟಳು.

"ಓಡೀಲಿಯಾ, ಓದೇ ಇದನ್ನ."

"ಓದಿದೆ. ನಮ್ಮೂರವರು. ಅದಕ್ಕೇನೀಗ?"

"ನಮ್ಮೂರ ಹಾಡಿಗೆ ಚಪ್ಪಾಳೆ ಇಲ್ಲ ಕಣೇ. ಕೆಮ್ಮೇ ಚಪ್ಪಾಳೆ."

ನಿಂತಲ್ಲೇ ನಾನು ಕೂತುಬಿಟ್ಟೆ. ನಿಜ, ಅದು ನಮ್ಮ ಕೊಯಿಂಬ್ರದಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ನಮ್ಮ ದೇಶದ ರಾಜಧಾನಿ ಲಿಸ್ಬನ್ನಿನವರು ಫಾದು ಮುಗಿದ ಮೇಲೆ ಚಪ್ಪಾಳೆ ತಟ್ಟುತ್ತಾರೆ. ನಮ್ಮಲ್ಲಿ ವಿದ್ಯಾರ್ಥಿಗಳು ಹುಡುಗಿಯರ ಕಿಟಕಿಯಡಿ ನಿಂತು ಹಾಡುತ್ತಿದ್ದ ಹಾಡು ಅದು. ಚಪ್ಪಾಳೆ ತಟ್ಟಿದರೆ ಅವಳಪ್ಪ ಎದ್ದು ಬರುತ್ತಾನೆ. ಹಾಗಾಗಿ ಕೇಳಿದವರು ಮೆಲ್ಲಗೆ ಗಂಟಲು ಸರಿಮಾಡಿಕೊಳ್ಳುತ್ತಾರೆ, ಹುಂ ಹುಂ ಅಂತ. ಹುಡುಗಿಗೆ ಒಪ್ಪಿಗೆಯಾದರೆ ಕೋಣೆಯ ದೀಪವನ್ನು ಮೂರು ಸಲ ಹಚ್ಚಿ ಆರಿಸುತ್ತಾಳೆ.

ಬೆಲ್ಮೀರು ಗ್ರಾಸಿಯೆತಿಯನ್ನು ಗೆದ್ದದ್ದೂ ಹಾಗೇ. ಅವನು ವಿದ್ಯಾರ್ಥಿಯಲ್ಲ, ಗಾರೆ ಕೆಲಸದವನು. ಅವಳು ವಿದ್ಯಾರ್ಥಿಗಳ ವಸತಿಮನೆಯಲ್ಲಿ ಅಡುಗೆಗಿದ್ದಳು. ಮೇಲಿನ ಮಹಡಿಯ ಯಾರೋ ಓದೋ ಹುಡುಗಿಗೆ ಅಂತ ಬೀದಿಯಲ್ಲಿ ಹಾಡು ನಡೆದಿತ್ತು. ಗುಂಪಿನ ಹಿಂದೆ ನಿಂತ ಬೆಲ್ಮೀರು ಹಾಡು ಮುಗಿದದ್ದೇ ಕೆಮ್ಮಿದನಂತೆ, ಅಡುಗೆಮನೆಯ ಕಿಟಕಿಗೆ ಮುಖ ಮಾಡಿ. ಅವಳು ಸೌಟು ಹಿಡಿದುಕೊಂಡೇ ಅಡುಗೆಮನೆಯ ದೀಪ ಮೂರು ಸಲ ಆರಿಸಿ ಹಚ್ಚಿದಳಂತೆ. ಹಾಡಿದ ಹುಡುಗ ತನಗೇ ಅಂದುಕೊಂಡು ಕುಣಿದಾಡಿದ. ಹೂವು ಯಾರದೋ, ಮುಡಿದವರು ಯಾರೋ ಅಂತ ನಾನು ಅವಳನ್ನು ಮೂವತ್ತು ವರ್ಷ ಛೇಡಿಸಿದ್ದೇನೆ.

ಟಿಕೆಟು ಕೇಳಲು ನಾವೇ ಮದಾಮ್ ಕಿರ್ಶ್ ಹತ್ತಿರ ಹೋದೆವು. ಭವನದ ಮೇಲ್ವಿಚಾರಕಿ ಅವಳು, ನಮ್ಮ ಕೆಲಸ ಅವಳ ಕೈಯಲ್ಲಿ. ಕೆಟ್ಟವಳಲ್ಲ. "ಅಯ್ಯೋ, ನಿಮ್ಮದೇ ಸಂಗೀತ ಅಲ್ವಾ" ಅಂತ ಮೂರು ಟಿಕೆಟು ಸುಮ್ಮನೆ ಕೊಟ್ಟಳು. ಆರನೇ ಸಾಲಿನ ಅಂಚಿನಲ್ಲಿ ಎರಡು, ಅದರ ಹಿಂದೆಯೇ ನನ್ನದೊಂದು. ನವೆಂಬರಿನ ಆ ಶುಕ್ರವಾರಕ್ಕೆ ಅವರ ಮದುವೆಯಾಗಿ ಮೂವತ್ತು ವರ್ಷ ತುಂಬುತ್ತಿತ್ತು.

ಬೆಲ್ಮೀರು ಸುಲಭಕ್ಕೆ ಒಪ್ಪಲಿಲ್ಲ. "ನಾನು ಬಂದ್ರೆ ನಿನಗೇ ಅವಮಾನ, ಬೇಡ" ಅಂದ.

"ಹಾಡು ಮುಗಿಯೋವರೆಗೂ ತಡ್ಕೋ, ಮುಗಿದ ಮೇಲೆ ಎಷ್ಟು ಬೇಕಾದ್ರೂ ಕೆಮ್ಮು," ಅಂದಳು ಗ್ರಾಸಿಯೆತಿ. "ಅಲ್ಲಿ ಕೆಮ್ಮದೇ ಇದ್ದವನೇ ಮರ್ಯಾದೆಗೆಟ್ಟವನು. ಎಂಟು ವರ್ಷದಿಂದ ಪಕ್ಕದಲ್ಲಿ ಖಾಲಿ ಕುರ್ಚಿ ಇಟ್ಕೊಂಡು ಕೂತಿದ್ದೀನಿ, ಬೆಲ್ಮೀರು. ಒಂದು ಸಂಜೆ ಬಾ. ಇನ್ನೇನೂ ಕೇಳಲ್ಲ."

ಅವನು ನನ್ನ ಕಡೆ ನೋಡಿದ. "ಏನಂತೀರಾ ಕೊಮಾದ್ರೆ?"

"ಹೋಗೋ, ಮದುಮಗ. ನಾನಿಲ್ವಾ ಹಿಂದೆ," ಅಂದೆ. ಹಾಗೆ ಅಂದವಳು ನಾನೇ.

ಆ ವಾರ ಅವನು ಪರೀಕ್ಷೆಗೆ ಓದಿದ ಹಾಗೆ ಅಭ್ಯಾಸ ಮಾಡಿದನಂತೆ. ರೇಡಿಯೋದಲ್ಲಿ ಹಾಡು ಬರುತ್ತಿದ್ದರೆ ಉಸಿರು ಬಿಗಿಹಿಡಿದು, ಬಾಯಲ್ಲಿ ಜೇನಿನ ಗುಳಿಗೆ ಇಟ್ಟುಕೊಂಡು ಕೂರುವುದು, ಮುಗಿದದ್ದೇ ಗಂಟಲು ಸಡಿಲಿಸುವುದು. ನಾಲ್ಕು ನಿಮಿಷ ತಡೆಯುವುದು ಕೈಹತ್ತಿತು. ಶುಕ್ರವಾರ ಮದುವೆಯ ಕೋಟು ಹಾಕಿದ, ಈಗ ಅದರೊಳಗೆ ಇನ್ನೊಬ್ಬ ಬೆಲ್ಮೀರು ಹಿಡಿಸುತ್ತಿದ್ದ. ಗ್ರಾಸಿಯೆತಿ ಕೂದಲು ಸುರುಳಿ ಮಾಡಿಸಿ, ಹಸಿರು ಉಡುಪು ತೊಟ್ಟು, ತುಟಿಗೆ ಬಣ್ಣ ಹಚ್ಚಿದ್ದಳು. ಹಾಡು ಮುಗಿದ ಮೇಲೆ ಸ್ಟೇಷನ್ ಹತ್ತಿರದ ನಮ್ಮವರ ಹೋಟೆಲಿನಲ್ಲಿ ಇಬ್ಬರಿಗೇ ಒಂದು ಮೇಜು ಹೇಳಿಟ್ಟಿದ್ದರು, ಒಣಮೀನಿನ ಅಡುಗೆಗೆ. ಬಸ್ಸಿನಲ್ಲಿ ಅವಳು ಅವನ ತೋಳು ಹಿಡಿದು ಕೂತಿದ್ದಳು. ಅವಳು ಹಾಗೆ ಕೂತಿದ್ದನ್ನು ನೋಡಿ ಯಾವ ಕಾಲವಾಗಿತ್ತೋ.

ಬಾಗಿಲಲ್ಲಿ ಮದಾಮ್ ಕಿರ್ಶ್ ಬೆಲ್ಮೀರುವಿನ ಕೈ ಕುಲುಕಿದಳು. ಒಳಗೆ ಕೂತ ಮೇಲೆ ಸುತ್ತ ನೋಡಿದೆ. ಮುಂದಿನ ಸಾಲುಗಳಲ್ಲಿ ಈ ಊರಿನ ದೊಡ್ಡವರು, ಹಿಂದೆಲ್ಲ ನಮ್ಮವರು. ಇನ್ನೂರಕ್ಕೆ ಕಮ್ಮಿ ಇಲ್ಲ, ಕೊಯಿಂಬ್ರದ ಕಡೆಯವರೇ ಎಷ್ಟೋ ಮಂದಿ. ನನಗೆ ಧೈರ್ಯ ಬಂತು.

ದೀಪ ಕುಗ್ಗಿತು. ಮೂವರೂ ಬಂದು, ಒಂದು ಮಾತೂ ಆಡದೆ ಹಾಡು ಶುರುಮಾಡಿದರು. ಹಾಡಿನ ವಿಷಯ ನಾನೇನು ಹೇಳಲಿ, ನದಿ, ಅಗಲಿಕೆ, ಹಳೆಯ ಮೆಟ್ಟಿಲು, ನಮ್ಮವು ಎಲ್ಲ ಹಾಡೂ ಅದೇ. ಆದರೆ ಮೂವತ್ತು ವರ್ಷದ ಮೇಲೆ ಕಿವಿಗೆ ಬಿದ್ದರೆ ಕರುಳು ಕಿತ್ತು ಬರುತ್ತದೆ. ಬೆಲ್ಮೀರುವಿನ ಭುಜ ಗಟ್ಟಿಯಾಗಿತ್ತು. ತಡೆದುಕೊಂಡ. ಪೂರಾ ಹಾಡು ತಡೆದುಕೊಂಡ. ಕೊನೆಯ ತಂತಿಯ ಸದ್ದು ಅಡಗಿದ ಮೇಲೆ ತಲೆಯೆತ್ತಿ, ಎರಡು ಸಲ, ಊರಿನಲ್ಲಿ ಮಾಡುತ್ತಿದ್ದ ಹಾಗೇ ಗಂಭೀರವಾಗಿ ಗಂಟಲು ಸರಿಮಾಡಿಕೊಂಡ.

ಅವನ ಸದ್ದೊಂದೇ ಕೇಳಿಸಿತು. ಆಮೇಲೆ ಭವನವೆಲ್ಲ ಚಪ್ಪಾಳೆ.

ಮುಂದಿನವರು ತಟ್ಟಿದರು, ಅವರಿಗೇನು ಗೊತ್ತು. ಹಿಂದಿನವರೂ ತಟ್ಟಿದರು. ನಮ್ಮವರು, ಅಮ್ಮನ ಮಡಿಲಲ್ಲಿ ಈ ರೂಢಿ ಕಲಿತವರು, ಎಲ್ಲಿ ಹಳ್ಳಿ ಗಮಾರರ ಹಾಗೆ ಕಂಡುಬಿಡುತ್ತೇವೋ ಅಂತ ಮುಂದಿನವರ ಕೈ ನೋಡಿಕೊಂಡು ತಟ್ಟಿದರು. ನಾನೂ ತಟ್ಟಿದೆ. ಕೆಮ್ಮಬೇಕು ಅಂತಲೇ ಬಾಯಿ ತೆರೆದೆ, ಅಷ್ಟರಲ್ಲಿ ಗೋಡೆಯ ಪಕ್ಕ ಮದಾಮ್ ಕಿರ್ಶ್ ನಿಂತದ್ದು ಕಂಡಿತು. ಕೈಗಳು ತಾವಾಗಿ ಮೇಲೆದ್ದವು. ವೇದಿಕೆಯ ಮೇಲಿನ ಗಾಯಕ ಮಾತ್ರ ಯಾರು ಅಂತ ಕತ್ತಲಲ್ಲಿ ಹುಡುಕಿದ ಹಾಗಿತ್ತು.

ಬೆಲ್ಮೀರು ಎರಡನೇ ಹಾಡಿಗೂ ಹಾಗೇ ಮಾಡಿದ, ಇನ್ನೂ ಸ್ವಲ್ಪ ಜೋರಾಗಿ. ನಮ್ಮವರಿಗೆ ನೆನಪಿಸಲಿ ಅಂತಲೋ ಏನೋ, ಹಿಂದೆ ತಿರುಗಿ ನೋಡಿ ಮಾಡಿದ. ಮುಂದಿನ ಸಾಲಿನ ಮುತ್ತಿನ ಸರದ ಹೆಂಗಸು ತಿರುಗಿ ಅವನ ಕೈಗೆ ಪೆಪ್ಪರಮಿಂಟು ಇಟ್ಟಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಳು. ಅವನು ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತ.

ಮೂರನೇ ಹಾಡಿನ ಮಧ್ಯೆ ನಿಜವಾದದ್ದು ಬಂತು. ಎರಡು ಸಲ ಕೆಣಕಿದ ಗಂಟಲು ಸುಮ್ಮನಿರುತ್ತದೆಯೇ? ಕರವಸ್ತ್ರ ಬಾಯಿಗೆ ತುರುಕಿಕೊಂಡ, ಮೊಣಕಾಲ ಮೇಲೆ ಬಾಗಿದ, ಆದರೂ ಹತ್ತು ಸಾಲಿಗೆ ಕೇಳಿಸಿತು. ಅಲ್ಲಿ ಇಲ್ಲಿ ಶ್ ಅಂದರು. ಮದಾಮ್ ಕಿರ್ಶ್ ಮೆತ್ತನೆ ಚಪ್ಪಲಿಯಲ್ಲಿ ಬಂದು ಬಾಗಿದಳು, ಅವನ ಕಡೆಗಲ್ಲ, ಅವನನ್ನು ದಾಟಿ ಗ್ರಾಸಿಯೆತಿ ಕಡೆಗೆ.

"ಗ್ರಾಸಿಯೆತಿ, ನಿಮ್ಮೆಜಮಾನರಿಗೆ ಹೊರಗೆ ಕೂತರೆ ಹಾಯಾಗಿರುತ್ತೆ ಅಲ್ವಾ? ಅಲ್ಲಿ ಟೀವಿ ಪರದೆ ಇದೆ, ಒಳಗಿನದೆಲ್ಲಾ ಕಾಣಿಸುತ್ತೆ."

"ಹೌದು ಮದಾಮ್," ಅಂದಳು ಗ್ರಾಸಿಯೆತಿ. ಹನ್ನೊಂದು ವರ್ಷದಿಂದ ಆ ಹೆಂಗಸಿಗೆ ಅವಳು ಬೇರೆ ಉತ್ತರ ಕೊಟ್ಟಿಲ್ಲ.

ಬೆಲ್ಮೀರು ಉಸಿರು ಸಿಕ್ಕಿದ ಮೇಲೆ ಹಿಂದೆ ತಿರುಗಿದ. ಕಣ್ಣಲ್ಲಿ ನೀರು ತುಂಬಿತ್ತು, ಕೆಮ್ಮಿನ ನೀರೋ ಏನೋ. "ಕೊಮಾದ್ರೆ, ನೀವಾದ್ರೂ ಹೇಳಿ. ಇದು ನಮ್ಮೂರ ರೂಢಿ ಅಲ್ವಾ?"

ನಾನು ಕೈಯಲ್ಲಿದ್ದ ಹಾಡುಗಳ ಪಟ್ಟಿ ಓದುತ್ತಾ ಕೂತೆ. ಕತ್ತಲಲ್ಲಿ ಒಂದಕ್ಷರ ಕಾಣುತ್ತಿರಲಿಲ್ಲ, ಆದರೂ ಓದಿದೆ.

"ಸ್ವಲ್ಪ ಹೊರಗೆ ಕೂತಿರು," ಅಂತ ಗ್ರಾಸಿಯೆತಿ ಪಿಸುಗುಟ್ಟಿದಳು. "ಇದೊಂದು ಹಾಡು ಮುಗಿಸ್ಕೊಂಡು ಬಂದುಬಿಡ್ತೀನಿ."

ಅವನು ಎದ್ದ. ಪೆಪ್ಪರಮಿಂಟನ್ನು ಕುರ್ಚಿಯ ಕೈ ಮೇಲೆ ಇಟ್ಟು ಹೋದ.

ಹಾಡು ಮುಗಿಯಿತು. ಅವಳು ಏಳಲಿಲ್ಲ. ಮುಂದಿನದಕ್ಕೆ ಏಳುತ್ತಾಳೆ ಅಂದುಕೊಂಡೆ. ಏಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು ಕೇಳಿದಳು. ಪಕ್ಕದ ಕುರ್ಚಿ ಖಾಲಿ ಇತ್ತು, ಎಂಟು ವರ್ಷದಿಂದ ಇದ್ದ ಹಾಗೇ. ಆರನೇ ಹಾಡಿಗೆ ನಾನು ಬೆನ್ನು ಮುಟ್ಟಿ "ಹೋಗೇ, ಒಬ್ಬನೇ ಕೂತಿರ್ತಾನೆ" ಅಂದೆ. ಅವಳು ತಿರುಗಲೂ ಇಲ್ಲ. "ಹನ್ನೊಂದು ವರ್ಷ ಈ ಕುರ್ಚಿ ಒರೆಸಿದ್ದೀನಿ," ಅಂದಳು. "ಒಂದು ಸಲ ಕೂತ್ಕೋಬಾರದಾ ನಾನು?" ಅವಳ ಮಾತೂ ಸುಳ್ಳಲ್ಲ. ಸುಳ್ಳಲ್ಲದ ಮಾತೇ ಮನುಷ್ಯರನ್ನು ಹೆಚ್ಚು ಹಾಳುಮಾಡುವುದು ಅಂತ ನನಗೆ ಆಮೇಲೆ ಅನಿಸಿದೆ.

ಕೊನೆಯ ಹಾಡಿಗೆ ಮೊದಲು ಗಾಯಕ ಬಾಯಿಬಿಟ್ಟ. ಫ್ರೆಂಚಿನಲ್ಲಿ, ನಗುತ್ತಾ. "ನಮ್ಮೂರಲ್ಲಿ ಚಪ್ಪಾಳೆ ತಟ್ಟಲ್ಲ, ಗಂಟಲು ಸರಿಮಾಡ್ಕೋತೀವಿ. ಹೊರದೇಶದಲ್ಲಿ ಯಾರಿಗೂ ಗೊತ್ತಿರಲ್ಲ, ಅದಕ್ಕೆ ಕೊನೇಲಿ ಹೇಳಿಕೊಡ್ತೀವಿ. ಆದರೆ ಇವತ್ತು ಮೊದಲನೇ ಹಾಡಿಗೇ ಯಾರೋ ಒಬ್ಬರು ಸರಿಯಾಗಿ ಮಾಡಿದ್ರು. ನಮ್ಮವರೊಬ್ಬರು ಇದ್ದಾರೆ ಅಂತ ಜೀವಕ್ಕೆ ಹಾಯೆನಿಸ್ತು. ಎಲ್ಲಿದ್ದೀರಿ, ಸ್ವಾಮೀ? ಕೈಯೆತ್ತಿ."

ಯಾರೂ ಎತ್ತಲಿಲ್ಲ. ಮುತ್ತಿನ ಸರದವಳು ಹಿಂದೆ ತಿರುಗಿ ಖಾಲಿ ಕುರ್ಚಿ ನೋಡಿ ಕೆಂಪಾದಳು. ಗಾಯಕ ಸ್ವಲ್ಪ ಕಾದು, "ಸರಿ, ಎಲ್ಲರೂ ಸೇರಿ ಮಾಡೋಣ" ಅಂದ. ಹಾಡು ಮುಗಿದದ್ದೇ ಆರುನೂರು ಜನ ಕೆಮ್ಮಿದರು. ಮುಂದಿನ ದೊಡ್ಡವರು ಮಕ್ಕಳ ಹಾಗೆ ನಕ್ಕು ನಕ್ಕು ಕೆಮ್ಮಿದರು. ಹಿಂದಿನ ನಮ್ಮವರು, ಈಗ ಅಪ್ಪಣೆ ಸಿಕ್ಕಿತಲ್ಲ, ಎದೆ ತಟ್ಟಿಕೊಂಡು ಕೆಮ್ಮಿದರು. ಗೋಡೆಯ ಪಕ್ಕ ಮದಾಮ್ ಕಿರ್ಶ್ ಕೂಡ ಬಾಯಿಗೆ ಕೈ ಅಡ್ಡ ಇಟ್ಟು ಹುಂ ಹುಂ ಅಂದಳು. ಗ್ರಾಸಿಯೆತಿ ಕೆಮ್ಮಿದಳು. ನಾನೂ ಕೆಮ್ಮಿದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ನಮಗೆ ಬಂದದ್ದು ಬುದ್ಧಿಯೂ ಅಲ್ಲ.

ಹೊರಗೆ ಅವನಿರಲಿಲ್ಲ. ಪರದೆಯ ಮುಂದೆ ಒಂದು ಕುರ್ಚಿ ಎಳೆದಿಟ್ಟಿತ್ತು. ಕೋಟು ಕಾಯುವ ಹೆಂಗಸನ್ನು ಕೇಳಿದೆವು.

"ಇಷ್ಟು ಹೊತ್ತೂ ಇಲ್ಲೇ ಇದ್ರಲ್ಲ," ಅಂದಳು. "ಪ್ರತಿ ಹಾಡು ಮುಗಿದಾಗಲೂ ಬಾಗಿಲ ಕಡೆ ನೋಡ್ತಿದ್ರು. ಕೊನೇಲಿ ನೀವೆಲ್ಲ ಕೆಮ್ಮಿದ್ರಲ್ಲ, ಆಗ ಎದ್ದು ಪರದೆ ಹತ್ತಿರ ಹೋಗಿ ನಿಂತ್ರು. ಕ್ಯಾಮೆರಾ ಜನರ ಕಡೆ ತಿರುಗಿತ್ತು, ಹಸಿರು ಉಡುಪು, ನೀವೇ ಕಾಣಿಸಿದ್ರಿ, ಚೆನ್ನಾಗಿ ಕಾಣಿಸಿದ್ರಿ. ಆಮೇಲೆ ಟೋಪಿ ಹಾಕ್ಕೊಂಡು ಹೊರಟ್ರು."

ಹೋಟೆಲಿಗೆ ಹೋಗಿ ನೋಡಿದೆವು, ಅಲ್ಲಿಗೂ ಅವನು ಬಂದಿರಲಿಲ್ಲ. ಇಬ್ಬರಿಗೆ ಹಾಸಿದ ಮೇಜು ಹಾಗೇ ಇತ್ತು. ನಾವು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಗ್ರಾಸಿಯೆತಿ ಒಂದೇ ಮಾತಾಡಿದ್ದು: "ಬಯ್ಯಲ್ಲ ಅವನು. ಬೈದಿದ್ರೆ ಚೆನ್ನಾಗಿತ್ತು."

ನಮ್ಮ ಬೀದಿಗೆ ಬರುವಾಗ ಹತ್ತೂವರೆ. ಮೂರನೇ ಮಹಡಿಯಲ್ಲಿ ದೀಪ ಉರಿಯುತ್ತಿತ್ತು. ಉಸಿರಿಗೆ ಗಾಳಿ ಬೇಕು ಅಂತ ಚಳಿಗಾಲದಲ್ಲೂ ಅವನು ಆ ಕಿಟಕಿ ಓರೆ ತೆರೆದೇ ಇಡುತ್ತಾನೆ. ನಾವು ಬ್ರೆಡ್ಡಿನಂಗಡಿ ದಾಟಿದ್ದೆವು, ಕಿಟಕಿಯ ಪರದೆಯ ಹಿಂದೆ ನೆರಳು ಕದಲಿತು. ದೀಪ ಆರಿತು. ಗ್ರಾಸಿಯೆತಿ ನಿಂತಳು. ಮತ್ತೆ ಹತ್ತುತ್ತದೆ ಅಂತ ಕಾದಳು, ನಾನೂ ಕಾದೆ. ಹತ್ತಲಿಲ್ಲ.

ಆಗ ಅವಳು ಬೀದಿಯ ಮಧ್ಯೆ ನಿಂತು ತಲೆಯೆತ್ತಿ ಗಂಟಲು ಸರಿಮಾಡಿಕೊಂಡಳು. ಹುಂ ಹುಂ ಅಂತ, ಮೂವತ್ತು ವರ್ಷದ ಹಿಂದೆ ಅವನು ಅವಳ ಅಡುಗೆಮನೆಯಡಿ ನಿಂತು ಮಾಡಿದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಅಣಕಿಸುತ್ತಿದ್ದಾಳೆ ಅಂದುಕೊಂಡನೋ, ನಿಜ ತಿಳಿದೂ ಬೇಡವೆಂದನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವನನ್ನು ಕೇಳುವ ಮುಖ ನನಗಿಲ್ಲ.

ಕಿಟಕಿ ಕತ್ತಲಾಗಿಯೇ ಇತ್ತು. ಒಳಗಿಂದ ಅವನ ಕೆಮ್ಮು ಕೇಳಿಸುತ್ತಿತ್ತು, ಎಚ್ಚರವಾಗಿಯೇ ಇದ್ದ.